ಸ್ಟಾಪ್‌ವಾಚ್ ಹಿಡಿದು ಓಡಿದ ಪಾವೊ ನುರ್ಮಿ

ನಮ್ಮ ಹಳ್ಳಿ ಶಾಲೆಗಳ ಕ್ರೀಡಾಕೂಟದಲ್ಲಿ ಎಲ್ಲರೂ ಕಾಯುವುದು ಕೊನೆಯ ರಿಲೇ ಓಟಕ್ಕೆ. ಬೆಳಗಿನಿಂದ ಬೇರೆ ಬೇರೆ ಓಟಗಳಲ್ಲಿ ಓಡಿ ದಣಿದ ಮಕ್ಕಳೇ ಸಂಜೆ ಬ್ಯಾಟನ್ ಹಿಡಿದು ನಿಲ್ಲುತ್ತಾರೆ. ದೂರ ಓಡಿ ಬಳಲಿದ ದೇಹವನ್ನು ಮತ್ತೆ ಅಣಿಗೊಳಿಸುವುದು ಹೇಗೆ? ತನಗೊಬ್ಬನಿಗಾಗಿ ಅಲ್ಲದೆ ತಂಡಕ್ಕಾಗಿ ಓಡುವುದು ಹೇಗೆ? ಈ ಎರಡೂ ಪಾಠಗಳು ಒಟ್ಟಿಗೆ ಸಿಗುವುದು ಫಿನ್ಲೆಂಡ್ ದೇಶದ ಪಾವೊ ನುರ್ಮಿ ಅವರ ಜೀವನದಲ್ಲಿ. ಮೂರು ಒಲಿಂಪಿಕ್ಸ್‌ಗಳಲ್ಲಿ 9 ಚಿನ್ನ, 3 ಬೆಳ್ಳಿ ಪದಕಗಳನ್ನು ಗೆದ್ದ ಮಹಾನ್ ಓಟಗಾರ ಅವರು.

ನುರ್ಮಿ ಹುಟ್ಟಿದ್ದು 1897ರ ಜೂನ್ 13ರಂದು, ತುರ್ಕು ಎಂಬ ಊರಿನಲ್ಲಿ. ತಂದೆ ಬಡಗಿ. 1910ರಲ್ಲಿ ತಂದೆ ತೀರಿಕೊಂಡಾಗ ಹಿರಿಯ ಮಗನಾದ ಪಾವೊಗೆ ಹನ್ನೆರಡು ವರ್ಷ. ಮನೆಯವರು ಅಡುಗೆಕೋಣೆಯನ್ನು ಬಾಡಿಗೆಗೆ ಕೊಟ್ಟು ಒಂದೇ ಕೋಣೆಯಲ್ಲಿ ಬಾಳುವೆ ಮಾಡಬೇಕಾಯಿತು. ಓದಿನಲ್ಲಿ ಚುರುಕಾಗಿದ್ದ ಹುಡುಗ ಶಾಲೆ ಬಿಟ್ಟು ಬೇಕರಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಸಾಮಾನು ತುಂಬಿದ ಗಾಡಿಯನ್ನು ರೈಲ್ವೆ ನಿಲ್ದಾಣದ ಬಳಿಯ ಏರಿನಲ್ಲಿ ತಳ್ಳುವುದು ಅವನ ಕೆಲಸ. ತನ್ನ ಕಾಲುಗಳಿಗೆ ಬಲ ಬಂದದ್ದು ಆ ಗಾಡಿಯಿಂದಲೇ ಎಂದು ಅವರು ಮುಂದೆ ನಂಬಿದ್ದರು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅದೇ ದೇಶದ ಹಾನೆಸ್ ಕೋಲೆಮೈನನ್ ಮೂರು ಚಿನ್ನ ಗೆದ್ದರು. ಆ ಸುದ್ದಿ ಕೇಳಿದ ಹದಿನೈದರ ಪಾವೊ ಕೆಲವೇ ದಿನಗಳಲ್ಲಿ ಓಟದ ಬೂಟು ಕೊಂಡ. ಸೈನ್ಯಕ್ಕೆ ಸೇರಿದ ಮೇಲೆ ಅಲ್ಲಿನ ನಡಿಗೆ ಸ್ಪರ್ಧೆಯಲ್ಲಿ ಉಳಿದವರೆಲ್ಲ ನಡೆದರೆ, ಇವರು ಹೆಗಲಿಗೆ ಬಂದೂಕು, ಬೆನ್ನಿಗೆ ಮರಳಿನ ಚೀಲ ಹೊತ್ತು ಉದ್ದಕ್ಕೂ ಓಡಿಯೇ ಮುಗಿಸಿದರು.

1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಅವರ ಮೊದಲ ಒಲಿಂಪಿಕ್ಸ್. ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದ್ದೂ ಅದೇ ಕೂಟದಲ್ಲಿ ಎಂಬುದು ಕನ್ನಡ ನಾಡಿನವರು ನೆನೆಯಬೇಕಾದ ಸಂಗತಿ. ಅಲ್ಲಿ 5000 ಮೀಟರ್ ಓಟದಲ್ಲಿ ನುರ್ಮಿ ಫ್ರಾನ್ಸಿನ ಜೋಸೆಫ್ ಗಿಯೆಮೊಗೆ ಸೋತರು. ಆದರೂ 10,000 ಮೀಟರ್, ಗುಡ್ಡಗಾಡು ಓಟ ಮತ್ತು ಅದರ ತಂಡ ವಿಭಾಗದಲ್ಲಿ ಮೂರು ಚಿನ್ನ ಗೆದ್ದರು. ಸೋತ ಓಟವೇ ಅವರಿಗೆ ಗುರುವಾಯಿತು. ಮೊದಲೇ ವೇಗವಾಗಿ ಓಡಿ ಕೊನೆಗೆ ಬಸವಳಿಯುವುದಕ್ಕಿಂತ, ಉದ್ದಕ್ಕೂ ಒಂದೇ ಸಮನಾಗಿ ಓಡುವುದು ಮೇಲೆಂದು ಅವರು ಕಂಡುಕೊಂಡರು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಪ್ರತಿ ಸುತ್ತಿನ ಕಾಲವನ್ನು ನೋಡುತ್ತಾ ಓಡತೊಡಗಿದರು. ಶಕ್ತಿಯನ್ನು ಲೆಕ್ಕವಿಟ್ಟು ಖರ್ಚು ಮಾಡುವ ಅಭ್ಯಾಸ ಹೀಗೆ ಬಂತು.

1924ರ ಪ್ಯಾರಿಸ್ ಒಲಿಂಪಿಕ್ಸ್ ಈ ಅಭ್ಯಾಸಕ್ಕೆ ಒಡ್ಡಿದ ದೊಡ್ಡ ಪರೀಕ್ಷೆ. ಆ ವರ್ಷ ಮಂಜುಗಟ್ಟಿದ ರಸ್ತೆಯಲ್ಲಿ ಜಾರಿ ಬಿದ್ದು ಅವರ ಮೊಣಕಾಲಿಗೆ ಪೆಟ್ಟಾಗಿತ್ತು. ಅವರು ಕೂಡಲೇ ಓಟಕ್ಕೆ ಇಳಿಯಲಿಲ್ಲ. ನಡಿಗೆಯಿಂದ ಆರಂಭಿಸಿ, ಕಾಲು ಒಗ್ಗಿದ ಮೇಲೆ ಓಡಿದರು. ಪ್ಯಾರಿಸ್‌ನಲ್ಲಿ 1500 ಮತ್ತು 5000 ಮೀಟರ್ ಓಟಗಳ ಅಂತಿಮ ಸ್ಪರ್ಧೆಗಳು ಒಂದೇ ದಿನ, ನಡುವೆ ಒಂದು ಗಂಟೆಯ ಬಿಡುವೂ ಇರಲಿಲ್ಲ. ಅದಕ್ಕಾಗಿ ಜೂನ್ 19ರಂದು ಹೆಲ್ಸಿಂಕಿಯಲ್ಲಿ ಎರಡೂ ಓಟಗಳನ್ನು ಸ್ವಲ್ಪವೇ ಬಿಡುವು ಕೊಟ್ಟು ಓಡಿ ನೋಡಿದರು. ಎರಡರಲ್ಲೂ ವಿಶ್ವ ದಾಖಲೆಯಾಯಿತು.

ಜುಲೈ 10ರಂದು ಪ್ಯಾರಿಸ್‌ನಲ್ಲಿ 1500 ಮೀಟರ್ ಓಟದ ಕೊನೆಯ ಭಾಗದಲ್ಲಿ ಗೆಲುವು ಖಚಿತವಾದ ಕೂಡಲೇ ನುರ್ಮಿ ವೇಗ ಇಳಿಸಿದರು. ಮುಂದಿನ ಓಟಕ್ಕೆ ಶಕ್ತಿ ಉಳಿಸಬೇಕಿತ್ತು. ಗುರಿ ದಾಟಿದ ಮೇಲೆ ಸಂಭ್ರಮಕ್ಕೆ ನಿಲ್ಲದೆ ನೇರ ವಿಶ್ರಾಂತಿ ಕೋಣೆಗೆ ಹೋದರು. 5000 ಮೀಟರ್‌ನಲ್ಲಿ ಎದುರಾಳಿಗಳು ಅವರನ್ನು ದಣಿಸಲೆಂದೇ ಆರಂಭದಲ್ಲಿ ಬಿರುಸಾಗಿ ಓಡಿದರು. ನುರ್ಮಿ ಅವರ ಬೆನ್ನು ಹತ್ತದೆ ತಮ್ಮ ಲೆಕ್ಕದಂತೆ ಓಡಿದರು. ಎರಡೂ ಚಿನ್ನ ಅವರಿಗೇ ಬಂದವು.

ಎರಡು ದಿನ ಕಳೆದು ಜುಲೈ 12ರಂದು ಸುಮಾರು 10.6 ಕಿಲೋಮೀಟರ್ ಗುಡ್ಡಗಾಡು ಓಟ. ಅಂದು ಪ್ಯಾರಿಸ್‌ನಲ್ಲಿ ಸುಡುಬಿಸಿಲು. ಓಟ ಆರಂಭಿಸಿದ 38 ಮಂದಿಯಲ್ಲಿ 15 ಮಂದಿ ಮಾತ್ರ ಗುರಿ ಮುಟ್ಟಿದರು. ಹಲವರನ್ನು ಸ್ಟ್ರೆಚರ್ ಮೇಲೆ ಒಯ್ಯಬೇಕಾಯಿತು. ನುರ್ಮಿ ಎಲ್ಲರಿಗಿಂತ ಬಹಳ ಮುಂದಾಗಿ ಬಂದರು, ವಿಲ್ಲೆ ರಿಟೊಲಾ ಎರಡನೆಯವರಾದರು. ಆದರೆ ತಂಡಕ್ಕೆ ಪದಕ ಬರಬೇಕಾದರೆ ಮೂವರು ಗುರಿ ಮುಟ್ಟಲೇಬೇಕು. ಮೂರನೆಯವರಾದ ಹೆಯಿಕ್ಕಿ ಲಿಮಟೈನನ್ ಬಿಸಿಲಿಗೆ ದಿಕ್ಕು ತಪ್ಪಿ, ಗುರಿ ಇನ್ನೂ ಸ್ವಲ್ಪ ದೂರವಿರುವಾಗಲೇ ಓಟ ಮುಗಿಯಿತೆಂದು ನಿಂತುಬಿಟ್ಟರು. ಬಳಿಕ ಹೇಗೋ ಅರಿವಿಗೆ ಬಂದು, ನಡೆದುಕೊಂಡೇ ಗೆರೆ ದಾಟಿದರು. ಅವರ ಸ್ಥಾನ ಹನ್ನೆರಡನೆಯದು. ಆ ಕೆಲವು ಹೆಜ್ಜೆಗಳಿಲ್ಲದಿದ್ದರೆ ನುರ್ಮಿ ಅವರ ವೇಗದಿಂದ ತಂಡಕ್ಕೆ ಚಿನ್ನ ಬರುತ್ತಿರಲಿಲ್ಲ.

ಮರುದಿನವೇ 3000 ಮೀಟರ್ ತಂಡ ಓಟ. ಹಿಂದಿನ ದಿನದ ಓಟಗಾರರು ಇನ್ನೂ ಚೇತರಿಸಿಕೊಳ್ಳುತ್ತಿರುವಾಗ ನುರ್ಮಿ ಮತ್ತೆ ಓಡಿ ಮೊದಲಿಗರಾದರು, ಫಿನ್ಲೆಂಡ್ ತಂಡವೂ ಗೆದ್ದಿತು. ಆರು ದಿನಗಳಲ್ಲಿ ಏಳು ಓಟ, ಐದು ಚಿನ್ನ! ಅದು ಕೇವಲ ಗಟ್ಟಿ ದೇಹದ ಫಲವಲ್ಲ. ಎಲ್ಲಿ ಬಿರುಸಾಗಬೇಕು, ಎಲ್ಲಿ ತಡೆದುಕೊಳ್ಳಬೇಕು ಎಂದು ವರ್ಷಗಳ ಕಾಲ ಕಲಿತದ್ದರ ಫಲ. 1926ರ ಜುಲೈನಲ್ಲಿ ತಮ್ಮ ಊರಿನ ಕ್ರೀಡಾ ಸಂಘದ ಗೆಳೆಯರೊಂದಿಗೆ ನಾಲ್ವರು ತಲಾ 1500 ಮೀಟರ್ ಓಡುವ ರಿಲೇಯಲ್ಲೂ ಅವರು ವಿಶ್ವ ದಾಖಲೆ ಮಾಡಿದರು.

1928ರ ಆಮ್‌ಸ್ಟರ್‌ಡ್ಯಾಂನಲ್ಲಿ ಅವರಿಗೆ ಇನ್ನೊಂದು ಚಿನ್ನ, ಎರಡು ಬೆಳ್ಳಿ ದೊರೆತವು. 1932ರಲ್ಲಿ ಮ್ಯಾರಥಾನ್ ಓಡಿ ವಿದಾಯ ಹೇಳಬೇಕೆಂಬ ಆಸೆ ಇತ್ತು. ಓಟದಿಂದ ಹಣ ಪಡೆದರೆಂಬ ಆರೋಪದ ಮೇಲೆ ಅಂತರರಾಷ್ಟ್ರೀಯ ಸಂಸ್ಥೆ ಅವರನ್ನು ಹೊರಗಿಟ್ಟಿತು. ಲಾಸ್ ಏಂಜಲೀಸ್‌ಗೆ ಹೋದವರು ಓಡದೆ ಮರಳಬೇಕಾಯಿತು. ಆ ನೋವನ್ನು ಅವರು ಸುಲಭವಾಗಿ ಮರೆಯಲಿಲ್ಲ.

ಇಪ್ಪತ್ತು ವರ್ಷಗಳ ಬಳಿಕ, 1952ರ ಜುಲೈ 19ರಂದು ಹೆಲ್ಸಿಂಕಿ ಒಲಿಂಪಿಕ್ಸ್‌ನ ಉದ್ಘಾಟನೆ. ಮಳೆಯಲ್ಲಿ ತೊಯ್ದ ಕ್ರೀಡಾಂಗಣಕ್ಕೆ ಜ್ಯೋತಿ ಹಿಡಿದು ಓಡಿ ಬಂದವರು 55 ವರ್ಷದ ನುರ್ಮಿ. ಅವರನ್ನು ಗುರುತಿಸಿದ ಜನ ಹರ್ಷೋದ್ಗಾರ ಮಾಡಿದರು, ಸಾಲಿನಲ್ಲಿ ನಿಂತಿದ್ದ ಕ್ರೀಡಾಪಟುಗಳು ಸಾಲು ಬಿಟ್ಟು ನೋಡಲು ಓಡಿದರು. ನುರ್ಮಿ ಮೈದಾನದ ಜ್ಯೋತಿಯನ್ನು ಹಚ್ಚಿದರು. ಅಲ್ಲಿಂದ ಜ್ಯೋತಿ ಗೋಪುರದ ಮೇಲಕ್ಕೆ ಹೋಯಿತು. ಅಲ್ಲಿ ಕಾದಿದ್ದವರು ಬಾಲಕ ಪಾವೊಗೆ ಸ್ಫೂರ್ತಿಯಾಗಿದ್ದ ಕೋಲೆಮೈನನ್. ಗುರುವಿನಿಂದ ಪಡೆದದ್ದನ್ನು ಶಿಷ್ಯ ಗುರುವಿಗೇ ಒಪ್ಪಿಸಿದಂತಾಯಿತು.

ಕೊನೆಯ ವರ್ಷಗಳಲ್ಲಿ ಹೃದಯದ ಕಾಯಿಲೆ ಅನುಭವಿಸಿದ ನುರ್ಮಿ, ಹೃದ್ರೋಗ ಸಂಶೋಧನೆಗಾಗಿ 1968ರಲ್ಲಿ ಪ್ರತಿಷ್ಠಾನ ಸ್ಥಾಪಿಸಿದರು. 1973ರ ಅಕ್ಟೋಬರ್ 2ರಂದು ತೀರಿಕೊಂಡರು. ದೇಶ ಅವರನ್ನು ಸರ್ಕಾರಿ ಗೌರವದೊಂದಿಗೆ ಬೀಳ್ಕೊಟ್ಟಿತು.

ಶಾಲೆ ಬಿಟ್ಟು ಗಾಡಿ ತಳ್ಳಿದ ಹುಡುಗನ ಕಥೆ ನಮ್ಮ ಮಕ್ಕಳಿಗೆ ದೂರದ್ದಲ್ಲ. ಕ್ರೀಡಾಕೂಟದ ಹಿಂದಿನ ದಿನ ಮೈ ಮುರಿಯುವಂತೆ ಓಡಿದರೆ ಮರುದಿನ ಬ್ಯಾಟನ್ ಹಿಡಿಯುವ ಕೈ ನಡುಗುತ್ತದೆ. ದೂರದ ಓಟದ ಮರುದಿನ ಮೆಲ್ಲಗೆ ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ, ನೀರು ಕುಡಿಯಿರಿ. ನಿಮ್ಮ ಪಾಲಿನ ದೂರವನ್ನು ಲೆಕ್ಕವಿಟ್ಟು ಓಡಿ. ಎಲ್ಲರಿಗಿಂತ ಹಿಂದೆ ಉಳಿದ ಗೆಳೆಯನನ್ನು ಹಗುರವಾಗಿ ಕಾಣಬೇಡಿ. ತಂಡದ ಚಿನ್ನ ಕೆಲವೊಮ್ಮೆ ಹನ್ನೆರಡನೆಯವನಾಗಿ ನಡೆದು ಬಂದವನ ಕೈಯಲ್ಲಿರುತ್ತದೆ.