ಡಾ. ಎಂ.ವಿ. ಗೋವಿಂದಸ್ವಾಮಿ (1904–1961): ಜೀವನ ಮತ್ತು ಸೇವೆ

ಪೀಠಿಕೆ

ಮಾನಸಿಕ ಕಾಯಿಲೆಗೆ ಹಾಗೂ ಮದ್ಯವ್ಯಸನಕ್ಕೆ ಇಂದು ಆಸ್ಪತ್ರೆಗೆ ದಾಖಲಾಗದೆ, ಹೊರರೋಗಿಯಾಗಿ ಚಿಕಿತ್ಸೆ ಪಡೆದು ಸಂಜೆಯೊಳಗೆ ಮನೆಗೆ ಮರಳಲು ಸಾಧ್ಯವಿದೆ. ಶಿಗ್ಗಾಂವ, ಹಾನಗಲ್ಲ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ನಾಗರಿಕರಿಗೂ ಈ ಸೌಲಭ್ಯವಿದೆ. ಆದರೆ ಈ ಸ್ಥಿತಿ ತಾನಾಗಿಯೇ ಒದಗಿ ಬಂದುದಲ್ಲ. ಮಾನಸಿಕ ರೋಗಿಯ ಆರೈಕೆಗೆ ಎತ್ತರದ ಗೋಡೆಗಳಿಗಿಂತ ತರಬೇತಿ ಹೊಂದಿದ ಕೈಗಳೇ ಮುಖ್ಯವೆಂಬುದನ್ನು ಕಾರ್ಯರೂಪಕ್ಕೆ ತಂದವರಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿ ಅವರು ಅಗ್ರಗಣ್ಯರು. ಸೇವೆ ಕೋರಿ ಬರುವ ನಾಗರಿಕರ ತಿಳಿವಳಿಕೆಗಾಗಿ ಅವರ ಜೀವನ ಮತ್ತು ಕಾರ್ಯವನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಅಂದಿನ ಪರಿಸ್ಥಿತಿ

ಗೋವಿಂದಸ್ವಾಮಿ ಅವರು ಜನಿಸಿದ್ದು 1904ರಲ್ಲಿ. ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಶಿಗ್ಗಾಂವ, ಹಾನಗಲ್ಲ ಹಾಗೂ ಹಿರೇಕೆರೂರು ಭಾಗಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ನವಾಬರ ಸಂಸ್ಥಾನವಾಗಿತ್ತು. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ಧಾರವಾಡದಲ್ಲಿ 1845ರಲ್ಲಿ ಹಾಗೂ ಬೆಂಗಳೂರಿನಲ್ಲಿ 1847ರಲ್ಲಿ ಬುದ್ಧಿಭ್ರಮಣೆಯಾದವರಿಗಾಗಿ ಆಶ್ರಯಾಲಯಗಳು ಆರಂಭಗೊಂಡಿದ್ದವು. ಜನರ ಬಾಯಲ್ಲಿ ಅವು ಹುಚ್ಚಾಸ್ಪತ್ರೆಗಳಾಗಿದ್ದವು.

1912ರಲ್ಲಿ ಬ್ರಿಟಿಷ್ ಸರ್ಕಾರವು ಜಾರಿಗೆ ತಂದ ಭಾರತೀಯ ಬುದ್ಧಿಭ್ರಮಣೆ ಅಧಿನಿಯಮದ ಪ್ರಕಾರ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶದ ಮೇರೆಗೆ ರೋಗಿಯನ್ನು ಒಳಗೆ ಸೇರಿಸಲಾಗುತ್ತಿತ್ತು. ಸ್ವಇಚ್ಛೆಯಿಂದ ಸೇರುವ ಅವಕಾಶವು ಕಾಯ್ದೆಯಲ್ಲಿದ್ದರೂ ಅದನ್ನು ಬಳಸಿಕೊಂಡವರು ಕಡಿಮೆ. ಕಾಯಿಲೆಯ ಮನುಷ್ಯನು ಪೊಲೀಸರ ಮೂಲಕ, ಕಚೇರಿಯ ಮೂಲಕ ಆಸ್ಪತ್ರೆಗೆ ಹೋಗುತ್ತಿದ್ದುದರಿಂದ ಕಾಯಿಲೆಗೂ ಅಪರಾಧಕ್ಕೂ ಜನರ ಮನಸ್ಸಿನಲ್ಲಿ ನಂಟು ಬೆಳೆಯಿತು. ಒಮ್ಮೆ ಒಳಹೋದವರಲ್ಲಿ ಅನೇಕರು ವರ್ಷಗಟ್ಟಲೆ ಅಲ್ಲಿಯೇ ಉಳಿದರು. ಈ ಭಯದಿಂದ ಕುಟುಂಬಗಳು ರೋಗಿಯನ್ನು ಮನೆಯಲ್ಲಿಯೇ ಬಚ್ಚಿಡುವ ರೂಢಿಯೂ ಉಳಿದುಕೊಂಡಿತು.

ಶಿಕ್ಷಣ ಮತ್ತು ಸೇವೆ

ವೈದ್ಯಕೀಯ ಹಾಗೂ ಮನಃಶಾಸ್ತ್ರ ಎರಡರಲ್ಲಿಯೂ ಆಸಕ್ತಿ ಹೊಂದಿದ್ದ ಗೋವಿಂದಸ್ವಾಮಿ ಅವರು ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಮನೋವೈದ್ಯಕೀಯ ತರಬೇತಿ ಪಡೆದರು. ಅವರಿಗಿಂತ ಮುಂಚೆ ಬೆಂಗಳೂರಿನ ಆಸ್ಪತ್ರೆಯ ಹೊಣೆ ಹೊತ್ತಿದ್ದ ಡಾ. ಫ್ರಾಂಕ್ ನೊರೋನಾ ಅವರ ಕಾಲದಲ್ಲಿ, 1925ರಲ್ಲಿ, ಬುದ್ಧಿಭ್ರಮಣೆಯ ಆಶ್ರಯಾಲಯವೆಂಬ ಹೆಸರನ್ನು ಕೈಬಿಟ್ಟು ಮಾನಸಿಕ ಆಸ್ಪತ್ರೆ ಎಂದು ಕರೆಯಲಾಯಿತು. 1930ರ ದಶಕದಲ್ಲಿ ಹೊಸೂರು ರಸ್ತೆಯಲ್ಲಿ ವಿಶಾಲವಾದ ಹೊಸ ಆಸ್ಪತ್ರೆಯೂ ತಲೆಯೆತ್ತಿತು. ಇದೇ ಆಸ್ಪತ್ರೆಯ ಆಡಳಿತವನ್ನು ಅನಂತರ ಗೋವಿಂದಸ್ವಾಮಿ ಅವರು ವಹಿಸಿಕೊಂಡರು.

ಅವರ ಮುಂದಿದ್ದ ಕಷ್ಟ ಸಣ್ಣದಾಗಿರಲಿಲ್ಲ. ಇಂದು ಗುಳಿಗೆಯಿಂದ ಹತೋಟಿಗೆ ಬರುವ ತೀವ್ರ ಮಾನಸಿಕ ಕಾಯಿಲೆಗಳಿಗೆ ಆಗ ಪರಿಣಾಮಕಾರಿ ಔಷಧ ಇರಲಿಲ್ಲ. ಜಗತ್ತಿನ ಇತರ ದೇಶಗಳಂತೆ ಇಲ್ಲಿಯೂ ವಿದ್ಯುತ್ ಕಂಪನ ಚಿಕಿತ್ಸೆ ಮತ್ತು ಮಿದುಳಿನ ಶಸ್ತ್ರಚಿಕಿತ್ಸೆಗಳನ್ನು ಆಶ್ರಯಿಸಲಾಯಿತು. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಭಾರತೀಯ ರೋಗಿಗಳಲ್ಲಿ ನಡೆಸಿದ ಅನುಭವವನ್ನು ಅವರು ಡಾ. ಬಾಲಕೃಷ್ಣರಾವ್ ಅವರೊಡನೆ 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ವಿಧಾನವನ್ನು ರೂಪಿಸಿದ ಪೋರ್ಚುಗಲ್ಲಿನ ವೈದ್ಯ ಎಗಾಸ್ ಮೊನಿಜ್ ಅವರಿಗೆ 1949ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ರೋಗಿಯ ವ್ಯಕ್ತಿತ್ವಕ್ಕೆ ಅದರಿಂದ ಆಗುವ ಶಾಶ್ವತ ಹಾನಿ ಅರಿವಿಗೆ ಬಂದಂತೆ ಎಲ್ಲೆಡೆ ಅದನ್ನು ಕೈಬಿಡಲಾಯಿತು. ಗೋವಿಂದಸ್ವಾಮಿ ಅವರ ಸೇವೆಯನ್ನು ಸ್ಮರಿಸುವಾಗ ಈ ಸಂಗತಿಯನ್ನೂ ಮರೆಮಾಚದೆ ಹೇಳುವುದು ಉಚಿತ. ಬೇರೆ ದಾರಿಯಿಲ್ಲದ ಕಾಲದಲ್ಲಿ ಆಸ್ಪತ್ರೆಯ ಒಳಗೆ ಏನು ನಡೆಯುತ್ತಿತ್ತು ಎಂಬುದನ್ನು ಅದು ತಿಳಿಸುತ್ತದೆ.

ತರಬೇತಿ ಸಂಸ್ಥೆಯ ಸ್ಥಾಪನೆ

ಸ್ವಾತಂತ್ರ್ಯಕ್ಕೆ ಮುನ್ನ ಭಾರತದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯು 1946ರಲ್ಲಿ ವರದಿ ಸಲ್ಲಿಸಿತು. ಅಖಂಡ ಭಾರತದ ಸುಮಾರು 40 ಕೋಟಿ ಜನರಿಗೆ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದದ್ದು ಸುಮಾರು 10,000 ಹಾಸಿಗೆಗಳು ಮಾತ್ರ. ತರಬೇತಿ ಪಡೆದ ಮನೋವೈದ್ಯರ ಸಂಖ್ಯೆಯಂತೂ ಬೆರಳೆಣಿಕೆಯಷ್ಟಿತ್ತು. ದೇಶದೊಳಗೇ ತರಬೇತಿಯ ವ್ಯವಸ್ಥೆ ಆಗಬೇಕೆಂದು ಸಮಿತಿಯು ಶಿಫಾರಸು ಮಾಡಿತು.

ಇದರ ಫಲವಾಗಿ ಭಾರತ ಸರ್ಕಾರ ಹಾಗೂ ಮೈಸೂರು ಸರ್ಕಾರಗಳ ಸಹಯೋಗದಲ್ಲಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೂಡಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪನೆಯಾಯಿತು. ಗೋವಿಂದಸ್ವಾಮಿ ಅವರು ಅದರ ಪ್ರಥಮ ನಿರ್ದೇಶಕರಾದರು. 1955ರಲ್ಲಿ ವೈದ್ಯರಿಗಾಗಿ ಮನೋವೈದ್ಯಕೀಯ ಡಿಪ್ಲೊಮಾ ಮತ್ತು ಮನಃಶಾಸ್ತ್ರ ಪದವೀಧರರಿಗಾಗಿ ಪ್ರತ್ಯೇಕ ಡಿಪ್ಲೊಮಾ ತರಗತಿಗಳು ಆರಂಭಗೊಂಡವು. ತರುವಾಯ ಶುಶ್ರೂಷಕಿಯರ ತರಬೇತಿಯೂ ಸೇರಿಕೊಂಡಿತು.

ವೈದ್ಯ, ಮನಃಶಾಸ್ತ್ರಜ್ಞ ಹಾಗೂ ಶುಶ್ರೂಷಕಿ ಒಂದೇ ಆವರಣದಲ್ಲಿ ಕಲಿತು ಒಟ್ಟಾಗಿ ರೋಗಿಯನ್ನು ನೋಡುವ ಪದ್ಧತಿ ಇಲ್ಲಿ ಬೇರೂರಿತು. ಹಾಸಿಗೆಗಳನ್ನು ಎಷ್ಟು ಹೆಚ್ಚಿಸಿದರೂ ದೇಶದ ಅಗತ್ಯಕ್ಕೆ ಸಾಲದಾಗಿತ್ತು. ಒಬ್ಬ ತರಬೇತುಗೊಂಡ ವೈದ್ಯನಾದರೋ ತನ್ನ ಊರಿಗೆ ಮರಳಿ ನೂರಾರು ಜನರಿಗೆ ನೆರವಾಗಬಲ್ಲವನಾಗಿದ್ದನು. ಸಂಸ್ಥೆಯ ಮಹತ್ವ ಇರುವುದು ಇಲ್ಲಿಯೇ.

ಭಾರತೀಯ ಚಿಂತನೆಯಲ್ಲಿ ಆಸಕ್ತಿ

ಪಾಶ್ಚಾತ್ಯ ದೇಶಗಳಲ್ಲಿ ಕಲಿತು ಬಂದರೂ ಅಲ್ಲಿನ ವಿಚಾರಗಳನ್ನು ಹಾಗೆಯೇ ಇಲ್ಲಿಗೆ ತಂದು ನಾಟಿ ಮಾಡುವುದು ಗೋವಿಂದಸ್ವಾಮಿ ಅವರಿಗೆ ಸಮ್ಮತವಾಗಿರಲಿಲ್ಲ. ಭಾರತೀಯ ದರ್ಶನಗಳು ಹಾಗೂ ಆಯುರ್ವೇದದಲ್ಲಿ ಮನಸ್ಸಿನ ಕುರಿತು ಇರುವ ತಿಳಿವಳಿಕೆಯನ್ನು ಸಂಶೋಧನೆಗೆ ಒಳಪಡಿಸಬೇಕೆಂಬುದು ಅವರ ನಿಲುವಾಗಿತ್ತು. ಈ ನಿಲುವಿಗೆ ಆಧಾರವಿಲ್ಲದೆ ಇರಲಿಲ್ಲ. ಸರ್ಪಗಂಧದ ಬೇರು ಉನ್ಮಾದವನ್ನು ಶಮನ ಮಾಡುವ ಬಗೆಗೆ 1931ರಲ್ಲಿಯೇ ಭಾರತೀಯ ವೈದ್ಯರು ವರದಿ ಮಾಡಿದ್ದರು; 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಔಷಧಾಂಶವನ್ನು ಬೇರ್ಪಡಿಸಲಾಯಿತು. ಅದೇ ವರ್ಷ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಮಾನಸಿಕ ರೋಗಿಗಳಿಗೆ ನೀಡಿದಾಗ ಉತ್ತಮ ಫಲ ಕಂಡುಬಂತು. ಇಂತಹ ಔಷಧಗಳು ಬಳಕೆಗೆ ಬಂದ ಮೇಲೆ ರೋಗಿಯು ಮನೆಯಲ್ಲಿಯೇ ಇದ್ದು ಚಿಕಿತ್ಸೆ ಮುಂದುವರಿಸುವ ದಾರಿ ತೆರೆಯಿತು.

ನಿಧನಾನಂತರದ ಬೆಳವಣಿಗೆ

ಗೋವಿಂದಸ್ವಾಮಿ ಅವರು 1961ರಲ್ಲಿ ನಿಧನ ಹೊಂದಿದರು. ಅವರು ಕಟ್ಟಿದ ಸಂಸ್ಥೆ ಹಾಗೂ ಮಾನಸಿಕ ಆಸ್ಪತ್ರೆ ಎರಡೂ 1974ರಲ್ಲಿ ವಿಲೀನಗೊಂಡು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ರೂಪುಗೊಂಡಿತು. 1970ರ ದಶಕದ ಮಧ್ಯಭಾಗದಲ್ಲಿ ಸಂಸ್ಥೆಯ ತಜ್ಞರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಗರಿಗಾಗಿ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆಯಾಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗದ ಮಾದರಿಯಲ್ಲಿ 1996ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಹಾವೇರಿ ಜಿಲ್ಲೆಗೂ ಕಾಲಕ್ರಮದಲ್ಲಿ ಈ ಕಾರ್ಯಕ್ರಮ ತಲುಪಿತು. 1845ರ ಧಾರವಾಡದ ಆಶ್ರಯಾಲಯವೂ ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ, ಅಂದರೆ ಡಿಮ್ಹಾನ್ಸ್ ಆಗಿ, ಬೆಳೆದಿದೆ.

ಕಾನೂನು ಸಹ ಬದಲಾಯಿತು. 1912ರ ಅಧಿನಿಯಮದ ಸ್ಥಾನದಲ್ಲಿ 1987ರ ಮಾನಸಿಕ ಆರೋಗ್ಯ ಅಧಿನಿಯಮವು 1993ರಿಂದ ಜಾರಿಗೆ ಬಂತು. ಅದರ ಸ್ಥಾನದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು 2018ರಿಂದ ಜಾರಿಯಲ್ಲಿದೆ. ಈ ಅಧಿನಿಯಮವು ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನೂ, ಅರಿವಳಿಕೆ ಹಾಗೂ ಸ್ನಾಯು ಸಡಿಲಿಸುವ ಔಷಧವಿಲ್ಲದೆ ವಿದ್ಯುತ್ ಕಂಪನ ಚಿಕಿತ್ಸೆ ನೀಡುವುದನ್ನೂ ನಿಷೇಧಿಸಿದೆ. ಮಿದುಳಿನ ಶಸ್ತ್ರಚಿಕಿತ್ಸೆಗೆ ರೋಗಿಯ ಒಪ್ಪಿಗೆ ಮತ್ತು ಮಂಡಳಿಯ ಅನುಮೋದನೆ ಎರಡೂ ಕಡ್ಡಾಯ. ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಕಾನೂನು ಈಗ ಹೇಳುತ್ತದೆ.

ಮದ್ಯವ್ಯಸನವೂ ಚಿಕಿತ್ಸೆಗೆ ಅರ್ಹ

ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ 2017ರ ಅಧಿನಿಯಮದ ವ್ಯಾಪ್ತಿಗೆ ಒಳಪಡುತ್ತವೆ. ಉತ್ತರ ಕರ್ನಾಟಕದಲ್ಲಿ ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ಅವರು ಜೋಳಿಗೆ ಹಿಡಿದು ಜನರಿಂದ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ್ದನ್ನು ಹಿರಿಯರು ಬಲ್ಲರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಬಿಡಬೇಕೆಂಬ ಸಂಕಲ್ಪದ ಜೊತೆಗೆ ವೈದ್ಯಕೀಯ ನೆರವೂ ದೊರೆತರೆ ಹಾದಿ ಸುಗಮವಾಗುತ್ತದೆ.

ಬಹುಕಾಲ ಪ್ರತಿದಿನ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ನಿದ್ರಾಹೀನತೆ, ಕೆಲವರಲ್ಲಿ ಫಿಟ್ಸ್ ಹಾಗೂ ಭ್ರಾಂತಿ ಕಾಣಿಸಿಕೊಳ್ಳಬಹುದು. ಫಿಟ್ಸ್ ಮತ್ತು ಭ್ರಾಂತಿ ಜೀವಕ್ಕೆ ಅಪಾಯಕಾರಿ. ಆದುದರಿಂದ ಅಂತಹವರು ವೈದ್ಯರ ಸಲಹೆಯಂತೆಯೇ ಬಿಡತಕ್ಕದ್ದು. ತೀವ್ರ ಲಕ್ಷಣಗಳಿಲ್ಲದವರಿಗೆ ಹೊರರೋಗಿ ಚಿಕಿತ್ಸೆಯೇ ಸಾಕಾಗಬಹುದು. ಉಳಿದವರಿಗೆ ಕೆಲವು ದಿನ ದಾಖಲಾಗಲು ಸೂಚಿಸಲಾಗುತ್ತದೆ. ಕುಡಿತ ಬಿಡಿಸುವುದೆಂದು ಹೇಳಿ ಮಾರುವ ಔಷಧವನ್ನು ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಬಾರದು. ಅದರ ಮೇಲೆ ಮದ್ಯ ಸೇವಿಸಿದರೆ ಪ್ರಾಣಾಪಾಯ ಸಂಭವಿಸಬಹುದು. ಬಿಟ್ಟವರು ಮತ್ತೆ ಕುಡಿದರೆ ಚಿಕಿತ್ಸೆ ವ್ಯರ್ಥವಾಯಿತೆಂದು ಭಾವಿಸದೆ ಪುನಃ ವೈದ್ಯರ ಬಳಿಗೆ ಬರುವುದು.

ನಾಗರಿಕರಿಗೆ ಮಾಹಿತಿ

1. ಹೊರರೋಗಿ ಚಿಕಿತ್ಸೆಗೆ ನ್ಯಾಯಾಲಯದ ಆದೇಶವಾಗಲಿ ಪೊಲೀಸರ ಪತ್ರವಾಗಲಿ ಬೇಕಾಗಿಲ್ಲ. ಮೊದಲು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ದಿನವನ್ನು ಅಲ್ಲಿಯೇ ವಿಚಾರಿಸಿ ತಿಳಿದುಕೊಳ್ಳುವುದು.

2. ಹಿಂದಿನ ಚಿಕಿತ್ಸೆಯ ಚೀಟಿಗಳು ಹಾಗೂ ಈಗ ಸೇವಿಸುತ್ತಿರುವ ಔಷಧಗಳನ್ನು ಜೊತೆಯಲ್ಲಿ ತರುವುದು. ರೋಗಿಯ ದಿನಚರಿ ಬಲ್ಲ ಮನೆಯವರೊಬ್ಬರು ಜೊತೆಗೆ ಬಂದರೆ ಅನುಕೂಲ.

3. ಬಡತನ ರೇಖೆಗಿಂತ ಕೆಳಗಿನವರಿಗೆ, ಕಾರ್ಡ್ ಇರಲಿ ಇಲ್ಲದಿರಲಿ, ಸರ್ಕಾರಿ ಮಾನಸಿಕ ಆರೋಗ್ಯ ಸೇವೆಯು ಉಚಿತವೆಂದು ಅಧಿನಿಯಮವು ತಿಳಿಸುತ್ತದೆ.

4. ರೋಗಿಯ ಕಾಯಿಲೆ ಮತ್ತು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ಚಿಕಿತ್ಸೆ ನೀಡುವವರ ಕರ್ತವ್ಯ.

5. ಸ್ವಯಂಸೇವಾ ಸಂಸ್ಥೆಗಳು ಅಥವಾ ಖಾಸಗಿಯವರು ನಡೆಸುವ ವ್ಯಸನಮುಕ್ತಿ ಕೇಂದ್ರಕ್ಕೆ ರೋಗಿಯನ್ನು ಸೇರಿಸುವ ಮುನ್ನ, ಆ ಕೇಂದ್ರದ ನೋಂದಣಿ ಪ್ರಮಾಣಪತ್ರವನ್ನು ಕೇಳಿ ನೋಡುವುದು. ರೋಗಿಯನ್ನು ಹೊಡೆಯುವ, ಕಟ್ಟಿಹಾಕುವ ಯಾವುದೇ ಸ್ಥಳ ಚಿಕಿತ್ಸಾ ಕೇಂದ್ರವಲ್ಲ.

6. ದೀರ್ಘಕಾಲದ ಮಾನಸಿಕ ಕಾಯಿಲೆಯಿಂದ ದುಡಿಯಲು ಅಶಕ್ತರಾದವರು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಡಿ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು.

7. ದೂರವಾಣಿಯ ಮೂಲಕ ಉಚಿತ ಸಲಹೆಗಾಗಿ ಟೆಲಿ ಮನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವುದೇ ವೇಳೆ ಕನ್ನಡದಲ್ಲಿ ಮಾತನಾಡಬಹುದು. ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಸಾಯುವ ವಿಚಾರ ಮನಸ್ಸಿಗೆ ಬರುತ್ತಿದ್ದಲ್ಲಿ ತಡಮಾಡದೆ ಕರೆ ಮಾಡುವುದು ಅಥವಾ ಹತ್ತಿರದ ಆಸ್ಪತ್ರೆಗೆ ಹೋಗುವುದು.

ಉಪಸಂಹಾರ

ತಾಲೂಕು ಆಸ್ಪತ್ರೆಯ ಸಾಲಿನಲ್ಲಿ ಜ್ವರದ ರೋಗಿಯ ಪಕ್ಕದಲ್ಲಿಯೇ ಮಾನಸಿಕ ರೋಗಿಯೂ ನಿಂತು ಔಷಧ ಪಡೆಯುವ ದಿನವನ್ನು ಕಾಣಲು ಡಾ. ಗೋವಿಂದಸ್ವಾಮಿ ಅವರು ಬದುಕಿರಲಿಲ್ಲ. ಆದರೆ ಹಾಸಿಗೆಗಳ ಕೊರತೆಯ ನಡುವೆ ವೈದ್ಯರನ್ನೂ ಶುಶ್ರೂಷಕಿಯರನ್ನೂ ತಯಾರು ಮಾಡುವ ಕೆಲಸವನ್ನು ಅವರು ಮತ್ತು ಅವರ ಸಹೋದ್ಯೋಗಿಗಳು ಆರಂಭಿಸದಿದ್ದಲ್ಲಿ ಆ ದಿನ ಇನ್ನೂ ತಡವಾಗುತ್ತಿತ್ತು. ಈ ಸೇವೆಯು ತಮ್ಮ ಊರಿನ ಸಮೀಪಕ್ಕೆ ಬಂದಿದೆ. ಸಂಕೋಚವನ್ನು ಬದಿಗಿರಿಸಿ, ಕಾಯಿಲೆಯ ಆರಂಭದಲ್ಲಿಯೇ ಚಿಕಿತ್ಸೆ ಪಡೆಯಬೇಕೆಂದು ನಾಗರಿಕರಲ್ಲಿ ಕೋರಲಾಗಿದೆ.