ಗಾಳಿಯನ್ನು ತೂಗಿದ ಲವಾಸಿಯೆ

ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಲೋಟವನ್ನು ಕವುಚಿದರೆ ದೀಪ ಕ್ಷಣಹೊತ್ತಿನಲ್ಲಿ ನಂದುತ್ತದೆ. ಲೋಟದೊಳಗೆ ಗಾಳಿಯೇನೋ ಇದೆ. ಆದರೂ ದೀಪ ಉಳಿಯದು. ಈ ಸಾಮಾನ್ಯ ಸಂಗತಿಯ ಗುಟ್ಟನ್ನು ಬಿಡಿಸಿದ ಆಂಟ್ವಾನ್ ಲವಾಸಿಯೆ ಅವರ ಬದುಕನ್ನು ಈ ವಾರ ನಾವು ನೆನೆಯೋಣ.

ಲವಾಸಿಯೆ 1743ರ ಆಗಸ್ಟ್ 26ರಂದು ಪ್ಯಾರಿಸ್ ನಗರದ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. ಓದಿದ್ದು ಕಾನೂನು, ಒಲಿದದ್ದು ವಿಜ್ಞಾನ. ವಸ್ತು ಉರಿಯುವಾಗ ಅದರೊಳಗಿನ ಯಾವುದೋ ಸತ್ವ ಹೊರಬೀಳುತ್ತದೆಂದು ಅಂದಿನ ಪಂಡಿತರು ನಂಬಿದ್ದರು. ಲವಾಸಿಯೆ ಅವರಾದರೋ ತಕ್ಕಡಿಯನ್ನು ನಂಬಿದರು. ಗಂಧಕವೂ ರಂಜಕವೂ ಉರಿದ ಮೇಲೆ ತೂಕದಲ್ಲಿ ಹೆಚ್ಚುತ್ತವೆಂದು ಕಂಡು, ಗಾಳಿಯಿಂದಲೇ ಏನೋ ಬಂದು ಸೇರುತ್ತದೆಂದು ಊಹಿಸಿದರು.

ಮುಚ್ಚಿದ ಪಾತ್ರೆಯಲ್ಲಿ ಪಾದರಸವನ್ನು ಹನ್ನೆರಡು ದಿನ ಕಾಯಿಸಿದಾಗ ಅದರ ಮೇಲೆ ಕೆಂಪು ಕಣಗಳು ಮೂಡಿದವು. ಗಾಳಿಯ ಒಂದಂಶ ಕಡಿಮೆಯಾಯಿತು. ಉಳಿದ ಗಾಳಿಯಲ್ಲಿ ದೀಪ ನಂದಿತು, ಪ್ರಾಣಿಗಳು ಉಸಿರುಕಟ್ಟಿದವು. ಆ ಕಣಗಳನ್ನೇ ಇನ್ನಷ್ಟು ಬಿಸಿಮಾಡಿದಾಗ ಕಳೆದುಹೋದ ಅಂಶ ಮರಳಿ ಬಂದಿತು. ಅದೇ ಆಮ್ಲಜನಕ, ಉಳಿದದ್ದು ಬಹುಮಟ್ಟಿಗೆ ಸಾರಜನಕ. ಒಣಗಾಳಿಯಲ್ಲಿ ಸಾರಜನಕ ನೂರಕ್ಕೆ 78, ಆಮ್ಲಜನಕ ಸುಮಾರು 21 ಎಂದು ಇಂದು ನಾವು ಬಲ್ಲೆವು. ನಾವು ಉಸಿರಾಡುವುದೂ ಒಂದು ಬಗೆಯ ನಿಧಾನವಾದ ಉರಿಯುವಿಕೆಯೇ ಎಂಬುದನ್ನು ಲವಾಸಿಯೆ ಮುಂದೆ ಲಾಪ್ಲಾಸ್ ಅವರೊಡಗೂಡಿ ತೋರಿಸಿದರು.

ಆದರೆ ಇಷ್ಟು ನಿಖರವಾಗಿ ತೂಗಿದ ಕೈ ಪರರ ಶ್ರಮವನ್ನು ತೂಗುವಾಗ ತಪ್ಪಿತು. ಇಂಗ್ಲೆಂಡಿನ ಬೋಧಕ ಜೋಸೆಫ್ ಪ್ರೀಸ್ಟ್ಲಿ ಈ ಅನಿಲವನ್ನು 1774ರಲ್ಲಿ ಪಡೆದು, ಅದೇ ವರ್ಷ ಪ್ಯಾರಿಸ್ಸಿನ ಭೋಜನಕೂಟದಲ್ಲಿ ಅದರ ವಿಷಯ ತಿಳಿಸಿದ್ದರು. ಸ್ವೀಡನ್ನಿನ ಷೀಲೆಯೂ ಅದನ್ನು ಕಂಡುಕೊಂಡಿದ್ದರು. ಅರ್ಥ ಬಿಡಿಸಿದ ಕೀರ್ತಿ ಲವಾಸಿಯೆ ಅವರದೇ ಆದರೂ, ಸಲ್ಲಬೇಕಾದ ಮನ್ನಣೆಯನ್ನು ಅವರು ಆ ಇಬ್ಬರಿಗೆ ಸಲ್ಲಿಸಲಿಲ್ಲ. ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ಅವರು ತಿಳಿದದ್ದೂ ತಪ್ಪೇ. ಅವರಿಟ್ಟ ಹೆಸರಿನ ಅರ್ಥವನ್ನೇ ಹೊತ್ತ ನಮ್ಮ ಆಮ್ಲಜನಕವೆಂಬ ಪದದಲ್ಲಿ ಆ ತಪ್ಪು ಇಂದಿಗೂ ಉಳಿದಿದೆ.

ಸೆರೆಮನೆಗಳಲ್ಲಿ ಶುದ್ಧ ಗಾಳಿ ಸುಳಿಯಬೇಕೆಂದು 1780ರಲ್ಲಿ ವಿಜ್ಞಾನ ಅಕಾಡೆಮಿ ನೀಡಿದ ವರದಿಯಲ್ಲಿ ಲವಾಸಿಯೆ ಅವರ ಪಾಲೂ ಇತ್ತು. ಅರಸನ ಪರವಾಗಿ ತೆರಿಗೆ ಎತ್ತುವ ಗುತ್ತಿಗೆದಾರರ ಕೂಟದಲ್ಲಿಯೂ ಅವರು ಪಾಲುದಾರರು. ಜನರು ಆ ಕೂಟವನ್ನು ದ್ವೇಷಿಸುತ್ತಿದ್ದರು. ಕ್ರಾಂತಿಯ ಕಾಲದಲ್ಲಿ, 1793ರ ನವೆಂಬರಿನಲ್ಲಿ, ಅವರೇ ಸೆರೆಮನೆ ಸೇರಿದರು. 1794ರ ಮೇ 8ರಂದು ವಿಚಾರಣೆ ನಡೆದು, ಅಂದೇ ಮಾವನೂ ಸೇರಿದಂತೆ ಇಪ್ಪತ್ತೆಂಟು ಮಂದಿಯ ಶಿರಚ್ಛೇದವಾಯಿತು. ಆಗ ಅವರಿಗೆ ಐವತ್ತೇ ವರ್ಷ.

ಗಾಳಿಯ ಕಣವೂ ತಪ್ಪದಂತೆ ಲೆಕ್ಕವಿಟ್ಟ ಆ ಮಹನೀಯರನ್ನು ಕ್ರಾಂತಿಯ ನ್ಯಾಯಾಲಯ ಒಂದೇ ದಿನದಲ್ಲಿ ತೂಗಿ ಮುಗಿಸಿತು. ನಾವೂ ನಮ್ಮ ಮನೆಗಳಲ್ಲಿ, ನೆರೆಹೊರೆಯಲ್ಲಿ ಒಬ್ಬರನ್ನೊಬ್ಬರು ದಿನವೂ ತೂಗುತ್ತೇವೆ. ನೆರೆಯವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದೆವೇ, ಆತುರದಿಂದ ತೀರ್ಪಿತ್ತೆವೇ ಎಂದು ಇಂದಿನ ಸಂಜೆಯ ಪ್ರಾರ್ಥನೆಗೆ ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ದೇವರು ಕೊಟ್ಟ ಉಸಿರಂತೂ ಎಲ್ಲರಿಗೂ ಒಂದೇ.