ಸೋಲರಿಯದ ತಂಡ, ಬಾರದ ಆಹ್ವಾನ: ತರಬೇತುದಾರ ಜೋ ಕುಹಾರಿಚ್

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಭೇದಿಸಿ ಓಡುವ ಆಟವದು. ಈ ಆಟಕ್ಕಾಗಿಯೇ ಬದುಕನ್ನು ಮುಡಿಪಾಗಿಟ್ಟವರು ಜೋ ಕುಹಾರಿಚ್.

1917ರ ಏಪ್ರಿಲ್ 14ರಂದು ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಜನಿಸಿದ ಅವರು, ಹುಟ್ಟೂರಿನ ಪಕ್ಕದಲ್ಲೇ ಇರುವ ಪ್ರಸಿದ್ಧ ಕಥೋಲಿಕ ವಿದ್ಯಾಸಂಸ್ಥೆ ನೊಟ್ರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿನ ತಂಡದಲ್ಲಿ ಆಡಿದರು. ಮುಂದೆ ಶಿಕಾಗೋ ಕಾರ್ಡಿನಲ್ಸ್ ಎಂಬ ವೃತ್ತಿಪರ ತಂಡವನ್ನು ಸೇರಿದರು. ದ್ವಿತೀಯ ಮಹಾಯುದ್ಧದ ವೇಳೆ ನೌಕಾದಳದಲ್ಲಿ ಸೇವೆ ಸಲ್ಲಿಸಿದರು.

1948ರಲ್ಲಿ ಯೇಸುಸಭೆಯವರು ನಡೆಸುವ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾನಿಲಯದ ತಂಡಕ್ಕೆ ಅವರು ಮುಖ್ಯ ತರಬೇತುದಾರರಾದರು. ಯುದ್ಧಭೂಮಿಯಿಂದ ಮರಳಿದ್ದ ಜೀನೊ ಮಾರ್ಕೆಟಿ, ದೈತ್ಯಕಾಯದ ಬಾಬ್ ಸೇಂಟ್ ಕ್ಲೇರ್, ಮಿಂಚಿನ ಓಟಗಾರ ಆಲಿ ಮ್ಯಾಟ್ಸನ್, ಗಟ್ಟಿ ರಕ್ಷಣಾ ಆಟಗಾರ ಬರ್ಲ್ ಟೋಲರ್ ಇವರೆಲ್ಲ ಅವರ ಕೈಯಲ್ಲಿ ಪಳಗಿದವರು. 1951ರ ಋತುವಿನಲ್ಲಿ ತಂಡ ಆಡಿದ ಒಂಬತ್ತೂ ಪಂದ್ಯಗಳನ್ನು ಗೆದ್ದಿತು. ಚೆಂಡು ಹಿಡಿದು ಓಡುವುದರಲ್ಲಿ ಆ ವರ್ಷ ಮ್ಯಾಟ್ಸನ್ ದೇಶಕ್ಕೇ ಮೊದಲಿಗರಾದರು.

ಋತು ಮುಗಿದಾಗ ಅಲ್ಲಿ ಆಯ್ದ ತಂಡಗಳಿಗೆ 'ಬೌಲ್' ಎಂಬ ವಿಶೇಷ ಪಂದ್ಯಗಳಿಗೆ ಆಹ್ವಾನ ಬರುತ್ತದೆ. ಅದರಿಂದ ಕೀರ್ತಿಯೂ ಹಣವೂ ದೊರೆಯುತ್ತದೆ. ವಿಶ್ವವಿದ್ಯಾನಿಲಯಕ್ಕೆ ಆ ಹಣ ಅತಿ ಅಗತ್ಯವಾಗಿತ್ತು, ಏಕೆಂದರೆ ತಂಡವನ್ನು ಸಾಕುವ ಖರ್ಚು ಕೈಮೀರಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಆಗ ವರ್ಣಭೇದವೇ ಕಾನೂನು. ಕಪ್ಪು ಜನಾಂಗದ ಮ್ಯಾಟ್ಸನ್ ಮತ್ತು ಟೋಲರ್ ಇಬ್ಬರನ್ನೂ ಮನೆಯಲ್ಲೇ ಬಿಟ್ಟು ಬಂದರೆ ಮಾತ್ರ ಅವಕಾಶ ಎಂಬ ಸೂಚನೆ ಬಂತೆಂದು ಆಟಗಾರರು ಮುಂದೆ ನೆನಪಿಸಿಕೊಂಡರು. ತಂಡ ಹೆಚ್ಚು ಚರ್ಚಿಸಲಿಲ್ಲ. ಹೋದರೆ ಎಲ್ಲರೂ, ಇಲ್ಲವಾದರೆ ಯಾರೂ ಇಲ್ಲ ಎಂದು ಒಮ್ಮನಸ್ಸಿನಿಂದ ನಿರ್ಧರಿಸಿತು.

ಬೆಲೆ ತೆರಬೇಕಾಯಿತು. ಆಹ್ವಾನ ಬರಲಿಲ್ಲ. ಆ ಋತುವಿನೊಂದಿಗೇ ವಿಶ್ವವಿದ್ಯಾನಿಲಯ ಫುಟ್‌ಬಾಲ್ ತಂಡವನ್ನು ನಿಲ್ಲಿಸಿತು. ಕುಹಾರಿಚ್ ಕೆಲಸ ಅರಸಿ ಬೇರೆಡೆ ಹೋದರು.

ಮುಂದಿನ ದಾರಿ ಏರಿಳಿತದ್ದು. 1955ರಲ್ಲಿ ವಾಷಿಂಗ್ಟನ್ ವೃತ್ತಿಪರ ತಂಡದ ತರಬೇತುದಾರರಾಗಿ ಒಳ್ಳೆಯ ಹೆಸರು ಪಡೆದರು. 1959ರಿಂದ 1962ರವರೆಗೆ ನೊಟ್ರ್ ಡೇಮ್‌ನಲ್ಲಿ 17 ಪಂದ್ಯ ಗೆದ್ದು 23 ಸೋತರು. 1964ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಸೇರಿದರು. ಅಲ್ಲಿ ಸೋಲು ಹೆಚ್ಚಾದಾಗ, ಅವರು ತೊಲಗಬೇಕೆಂದು ಅಭಿಮಾನಿಗಳೇ ಕೂಗಿದರು. 1968ರ ಋತುವಿನೊಂದಿಗೆ ಅವರ ತರಬೇತಿಯ ಬದುಕು ಮುಗಿಯಿತು. 1981ರ ಜನವರಿ 25ರಂದು, ಅದೇ ಈಗಲ್ಸ್ ತಂಡ ಸೂಪರ್ ಬೌಲ್ ಆಡಿದ ದಿನವೇ, 63ನೇ ವಯಸ್ಸಿನಲ್ಲಿ ನಿಧನರಾದರು.

ಅವರ ಶಿಷ್ಯರು ಮಾತ್ರ ಬೆಳಗಿದರು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಎರಡು ಪದಕ ಗಳಿಸಿದರು. ಮ್ಯಾಟ್ಸನ್, ಮಾರ್ಕೆಟಿ, ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲಿನ ಕೀರ್ತಿ ಮಂದಿರ ಸೇರಿದರು. ಮೊಣಕಾಲಿನ ಗಾಯದಿಂದ ಆಟ ಕಳೆದುಕೊಂಡ ಟೋಲರ್ ಶಿಕ್ಷಕರಾಗಿ, ಶಾಲಾ ಮುಖ್ಯೋಪಾಧ್ಯಾಯರಾಗಿ ಸೇವೆ ಸಲ್ಲಿಸಿದರು. 1965ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಮೊದಲ ಕಪ್ಪು ಜನಾಂಗದ ತೀರ್ಪುಗಾರರೂ ಆದರು.

ಪ್ರಿಯ ಓದುಗರೇ, ಅಂಕಿಅಂಶಗಳ ಪುಸ್ತಕದಲ್ಲಿ ಕುಹಾರಿಚ್ ಅವರ ಸೋಲುಗಳೇ ಹೆಚ್ಚಾಗಿ ಕಾಣುತ್ತವೆ. ಆದರೆ ಜನ ಇಂದಿಗೂ ನೆನೆಯುವುದು ಆಡದೇ ಉಳಿದ ಆ ಒಂದು ಪಂದ್ಯವನ್ನು. ನಮ್ಮ ಶಾಲೆ, ಸಂಘ, ಯುವಕರ ತಂಡಗಳನ್ನು ನಡೆಸುವವರು ಬಹುಮಾನದ ಕಪಾಟನ್ನು ನೋಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಗೆಲ್ಲುವ ಆತುರದಲ್ಲಿ ನಾವು ಯಾರನ್ನಾದರೂ ಹೊರಗೆ ನಿಲ್ಲಿಸಿದ್ದೇವೆಯೇ?